ಸಾಗರದಿಂದ ತೀರ್ಥಹಳ್ಳಿಗೆ ಸೈಕಲ್‌ನಲ್ಲಿ ಹೋಗೋದಕ್ಕೆ ಫುಲ್ ಸಸ್ಪೆನ್ಷನ್ ಬೇಕಾ? ಬೇಡ, ಬ್ರೇಕ್ ಪ್ಯಾಡ್ ಬೇಕು

ಸೆಪ್ಟೆಂಬರ್ ಕೊನೆಯಲ್ಲಿ, ಎರಡೇ ದಿನದಲ್ಲಿ, ಸಾಗರದಿಂದ ತೀರ್ಥಹಳ್ಳಿಗೆ ಮಣ್ಣುದಾರಿ ಹಿಡಿದು ಹೋಗಬೇಕು. ಈಗಿರುವ ಹಾರ್ಡ್‌ಟೇಲ್ (ಮುಂದಿನ ಚಕ್ರಕ್ಕೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್) ಸಾಕಾ, ಸಾಲ ಮಾಡಿಯಾದರೂ ಫುಲ್ ಸಸ್ಪೆನ್ಷನ್ (ಎರಡೂ ಚಕ್ರಕ್ಕೆ ಇರುವುದು) ತಗೊಳ್ಳಲಾ ಅಂತ ಕೇಳಿದ್ದೀರಿ. ಏಳು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ. ದಾರಿಯೂ ಹೆಚ್ಚುಕಡಿಮೆ ಇದೇ. ಕೊನೆಗೆ ತೀರ್ಥಹಳ್ಳಿ ತಲುಪಿದ್ದು ಒಂದು ಪಿಕಪ್ ವ್ಯಾನಿನಲ್ಲಿ, ಎಡಗೈಯನ್ನು ಟವೆಲ್‌ನಿಂದ ಕೊರಳಿಗೆ ಕಟ್ಟಿಕೊಂಡು.

ನಾನು ಹೋಗಿದ್ದು ಅಕ್ಟೋಬರ್ ಕೊನೆಗೆ. ಮಳೆ ನಿಂತಿತ್ತು, ಆದರೆ ನೆಲ ಒಣಗಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಕೆಳದಿ ನೋಡಿ, ವಾಪಸ್ ಸಾಗರ ದಾಟಿ ಇಕ್ಕೇರಿಗೆ ಬಂದೆ. ಈ ಸೀಮೆ ಆಳಿದ ಕೆಳದಿ ನಾಯಕರು ರಾಜಧಾನಿ ಬದಲಾಯಿಸಿದ ಕ್ರಮದಲ್ಲೇ ತುಳಿಯಬೇಕು ಅಂತ ಆಸೆ ನನಗೆ. ಕೆಳದಿ, ಇಕ್ಕೇರಿ, ಆಮೇಲೆ ಬಿದನೂರು, ಅಂದರೆ ಈಗಿನ ನಗರ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ಒಂದನ್ನು ತಪ್ಪದೆ ನೋಡಿ. ಒಳಗೆ ನೆಲದ ಕಲ್ಲಿನಲ್ಲಿ, ದೇವರಿಗೆ ಅಡ್ಡಬಿದ್ದ ನಾಯಕರ ಆಕೃತಿಗಳನ್ನು ಹೆಸರು ಸಮೇತ ಕೆತ್ತಿದ್ದಾರೆ. ಬಂದವರೆಲ್ಲ ಕಂಬ, ನಂದಿ ಅಂತ ತಲೆ ಎತ್ತಿ ನೋಡುತ್ತಾ ಅವರನ್ನು ದಾಟಿ ಹೋಗಿಬಿಡುತ್ತಾರೆ. ನಾನು ಅಲ್ಲಿ ಒಂದು ಗಂಟೆ ಕೂತೆ. ಎರಡು ದಿನದಲ್ಲಿ ಮುಗಿಸುತ್ತೇನೆ ಅನ್ನುವವರಿಗೆ ಆ ಒಂದು ಗಂಟೆ ಸಿಗೋದಿಲ್ಲ. ಅದಕ್ಕೇ ಮೊದಲೇ ಹೇಳುತ್ತೇನೆ, ಎರಡು ದಿನದ ಯೋಚನೆ ಬಿಡಿ. ನಾಲ್ಕು ದಿನ ಇಟ್ಟುಕೊಳ್ಳಿ.

ಎರಡನೇ ದಿನ ಹೊಸನಗರ. ಶರಾವತಿ ಹಿನ್ನೀರಿನ ಅಂಚಿನಲ್ಲಿ ಏರು, ಇಳಿಜಾರು, ಮತ್ತೆ ಏರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಮುಳುಗಿದ ಊರುಗಳು ಈ ನೀರಿನ ಕೆಳಗಿವೆ. ದಾರಿಯಲ್ಲಿ ಮಾತಿಗೆ ಸಿಕ್ಕ ಹಿರಿಯರಲ್ಲಿ ಒಬ್ಬರಾದರೂ ನೀರಿನ ಕಡೆ ಕೈ ತೋರಿಸಿ "ನಮ್ಮ ಮನೆ ಅಲ್ಲಿತ್ತು" ಅನ್ನುತ್ತಾರೆ. ನಿಂತು ಕೇಳಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಹೊಸನಗರ ತಲುಪುವ ಮೊದಲು ಹಿಂದಿನ ಚಕ್ರದಿಂದ ಕಿರ್ರ್ ಅಂತ ಸದ್ದು ಬರೋಕೆ ಶುರುವಾಯಿತು. ಒದ್ದೆ ಮಣ್ಣು ಸೇರಿಕೊಂಡಿದೆ ಅಂದುಕೊಂಡೆ. ಬಾಟಲಿ ನೀರು ಸುರಿದೆ, ಸದ್ದು ನಿಂತಿತು. ಬ್ರೇಕ್ ಲಿವರ್ ಒತ್ತಿ ನೋಡಿದೆ, ಗಟ್ಟಿಯಾಗಿಯೇ ಇತ್ತು. ಬೆಂಗಳೂರು ಬಿಡುವ ವಾರದ ಹಿಂದಷ್ಟೇ ಸರ್ವಿಸ್ ಮಾಡಿಸಿದ್ದೆ. ಸರಿ ಇದೆ ಅಂತ ಮಲಗಿಬಿಟ್ಟೆ.

ಲಿವರ್ ಗಟ್ಟಿ ಇದ್ದರೆ ಬ್ರೇಕ್ ಸರಿ ಇದೆ ಅಂತ ನಂಬಿದ್ದೇ ನನ್ನ ತಪ್ಪು. ಹಳೆಯ ಕೇಬಲ್ ಬ್ರೇಕಿನಲ್ಲಿ, ಚಕ್ರ ನಿಲ್ಲಿಸಲು ಒತ್ತಿ ಹಿಡಿಯುವ ಪ್ಯಾಡ್ ಸವೆದ ಹಾಗೆಲ್ಲ ಲಿವರ್ ಜಾಸ್ತಿ ಒಳಗೆ ಬರುತ್ತದೆ, ಬೆರಳಿಗೇ ಗೊತ್ತಾಗುತ್ತದೆ. ನನ್ನ ಸೈಕಲ್ಲಿನಂಥ, ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್‌ನಲ್ಲಿ ಹಾಗಲ್ಲ. ಪ್ಯಾಡ್ ಸವೆದಷ್ಟೂ ಅದನ್ನು ಒತ್ತುವ ಪಿಸ್ಟನ್ ತಾನಾಗಿಯೇ ಮುಂದೆ ಬಂದು ಕೂರುತ್ತದೆ. ಹಿಂದೆ ಖಾಲಿಯಾದ ಜಾಗಕ್ಕೆ ಲಿವರ್ ಹತ್ತಿರದ ಪುಟ್ಟ ಡಬ್ಬಿಯಿಂದ ಎಣ್ಣೆ ಇಳಿಯುತ್ತದೆ. ಹಾಗಾಗಿ ಲಿವರ್ ಬೆಳಿಗ್ಗೆ ಎಲ್ಲಿ ಹಿಡಿಯುತ್ತಿತ್ತೋ ಸಂಜೆಯೂ ಅಲ್ಲೇ ಹಿಡಿಯುತ್ತದೆ. ಪ್ಯಾಡ್ ಪೂರ್ತಿ ಮುಗಿಯುವವರೆಗೂ ಕೈಗೆ ಏನೂ ಗೊತ್ತಾಗೋದಿಲ್ಲ. ಕಣ್ಣಲ್ಲಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಪ್ಯಾಡಿನಲ್ಲಿ ಸವೆಯುವ ಭಾಗ ಹೊಸದರಲ್ಲೇ ಒಂದೆರಡು ಮಿಲಿಮೀಟರ್ ದಪ್ಪ ಅಷ್ಟೆ. ಅರ್ಧ ಮಿಲಿಮೀಟರಿಗೆ ಇಳಿದರೆ ಬದಲಾಯಿಸಲೇಬೇಕು. ಬೆಂಗಳೂರಿನ ಡಾಂಬರಿನಲ್ಲಿ ತಿಂಗಳುಗಟ್ಟಲೆ ಬರುವ ಪ್ಯಾಡ್, ಒದ್ದೆ ಜಂಬಿಟ್ಟಿಗೆ ಮಣ್ಣಿನಲ್ಲಿ ಎರಡು ದಿನಕ್ಕೆ ಮುಗಿಯಬಹುದು. ಆ ಕೆಂಪು ಕೆಸರನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿ, ಒಳಗೆ ಚುರುಕು ಚುರುಕು ಹರಳು ಸಿಗುತ್ತದೆ. ಅದು ಪ್ಯಾಡಿಗೂ ರೋಟರಿಗೂ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ) ನಡುವೆ ಕೂತು ಮರಳು ಕಾಗದದ ಕೆಲಸ ಮಾಡುತ್ತದೆ. ಜೊತೆಗೆ ನನ್ನದು ರೆಸಿನ್ ಪ್ಯಾಡ್, ಅಂದರೆ ಅಂಟಿನಿಂದ ಗಟ್ಟಿ ಮಾಡಿದ ಮೆತ್ತನೆಯ ಬಗೆ. ಅವು ಸದ್ದಿಲ್ಲದೆ ಚೆನ್ನಾಗಿ ಹಿಡಿಯುತ್ತವೆ, ಆದರೆ ಕೆಸರಿನಲ್ಲಿ ಬೇಗ ಕರಗುತ್ತವೆ. ಅದೂ ಸಾಲದು ಅಂತ ಇಳಿಜಾರಿನಲ್ಲಿ ಹಿಂದಿನ ಬ್ರೇಕನ್ನು ಬಿಡದೆ ಸುಮ್ನೆ ಸವರುತ್ತಾ ಇಳಿಯುವ ಅಭ್ಯಾಸ ನನಗಿತ್ತು.

ಮೂರನೇ ದಿನ ನಗರದ ಕೋಟೆ ನೋಡಿ ಕವಲೇದುರ್ಗದ ಬೆಟ್ಟದ ಕೋಟೆಯ ಕಡೆ ಹೊರಟೆ. 1763ರಲ್ಲಿ ಹೈದರಾಲಿ ಹಿಡಿದ ಬಿದನೂರು ಇದೇನಾ ಅನ್ನುವಷ್ಟು ಚಿಕ್ಕ ಊರು ಈಗ. ಮನಸ್ಸು ತುಂಬಿತ್ತು. ಡಾಂಬರು ಬಿಟ್ಟು ಒಂದು ಒಳದಾರಿಗೆ ಇಳಿದೆ. ಎರಡೂ ಕಡೆ ಆಳೆತ್ತರದ ದರೆ, ಅಂದರೆ ಮಣ್ಣಿನ ಗೋಡೆ, ಮೇಲೆ ಮರ ಮುಚ್ಚಿಕೊಂಡು ಮಧ್ಯಾಹ್ನಕ್ಕೇ ಕತ್ತಲು, ನೆಲದಲ್ಲಿ ಪಾಚಿ. ಕೆಳಗೆ ಅಡಿಕೆ ತೋಟ, ಅದರ ಅಂಚಿನಲ್ಲಿ ಹಳ್ಳ, ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಕಾಲುಸಂಕ. ಅರ್ಧ ಇಳಿದಾಗ ಹಿಂದಿನ ಚಕ್ರದಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬಂತು. ಲಿವರ್ ಒತ್ತಿದೆ, ಸೀದಾ ಹ್ಯಾಂಡಲ್‌ಗೆ ಅಂಟಿಕೊಂಡಿತು. ಹಿಂದಿನ ಬ್ರೇಕ್ ಹೋಯಿತು. ಮುಂದಿನದನ್ನು ಜೋರಾಗಿ ಹಿಡಿದರೆ ಪಾಚಿಯ ಮೇಲೆ ಚಕ್ರ ಜಾರುತ್ತದೆ, ಹಿಡಿಯದಿದ್ದರೆ ಸಂಕ. ದರೆಗೆ ತಿರುಗಿಸಿದೆ. ಹೆಗಲು ಮೊದಲು ತಾಗಿತು.

ತೋಟದಲ್ಲಿ ಹಾಳೆ ಹೆಕ್ಕುತ್ತಿದ್ದ ಹಿರಿಯರೊಬ್ಬರು ಓಡಿಬಂದರು. "ಏಳಬೇಡಿ ಮಾರಾಯ್ರೆ, ಹಾಗೇ ಇರಿ, ಕೈ ಅಲ್ಲಾಡಿಸಬೇಡಿ" ಅಂದು ತಮ್ಮ ಹೆಗಲ ಮೇಲಿನ ಟವೆಲ್ಲನ್ನೇ ಕಟ್ಟಿದರು. ಅವರ ಮನೆಯವರು ಮಜ್ಜಿಗೆ ತಂದುಕೊಟ್ಟರು. ಪಿಕಪ್ ಕರೆಸಿದ್ದೂ ಅವರೇ, ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ಎಡಗಡೆ ಕಾಲರ್ ಮೂಳೆ ಮುರಿದಿತ್ತು. ಮೂರು ತಿಂಗಳು ಸೈಕಲ್ ಮುಟ್ಟಲಿಲ್ಲ. ಆಮೇಲೆ ಚಕ್ರ ಬಿಚ್ಚಿ ನೋಡಿದರೆ ಪ್ಯಾಡಿನ ಜಾಗದಲ್ಲಿ ಬರೀ ತಗಡು, ಕನ್ನಡಿ ಹಾಗೆ ಹೊಳೆಯುತ್ತಿತ್ತು. ಎರಡು ಪ್ಯಾಡಿನ ನಡುವಿನ ಸಣ್ಣ ಸ್ಪ್ರಿಂಗನ್ನು ರೋಟರ್ ಅಗಿದು ತುಂಡು ಮಾಡಿತ್ತು. ಹೊಸನಗರದಲ್ಲಿ ಆ ರಾತ್ರಿ ಟಾರ್ಚ್ ಹಾಕಿ ಒಂದು ನಿಮಿಷ ನೋಡಿದ್ದರೆ ಕಾಣುತ್ತಿತ್ತು. ಆದರೆ ಕಂಡಿದ್ದರೂ ಚೀಲದಲ್ಲಿ ಬೇರೆ ಜೋಡಿ ಇರಲಿಲ್ಲ. ಮೂರು ಟ್ಯೂಬ್ ಇಟ್ಟುಕೊಂಡಿದ್ದವನು ಅಂಗೈಯಲ್ಲಿ ಹಿಡಿಯುವ ಪ್ಯಾಡ್ ಇಟ್ಟುಕೊಂಡಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಫುಲ್ ಸಸ್ಪೆನ್ಷನ್ ಬೇಡ. ಸಾಲವಂತೂ ಖಂಡಿತ ಬೇಡ. ಹಾರ್ಡ್‌ಟೇಲ್ ಧಾರಾಳ ಸಾಕು, ಈ ದಾರಿಯಲ್ಲಿ ಹಾರಬೇಕಾದ ಬಂಡೆಗಳಿಲ್ಲ. ಇಲ್ಲಿ ಕಷ್ಟ ಇರೋದು ಇಳಿಯೋದರಲ್ಲಿ, ಅದೂ ಒದ್ದೆಯಲ್ಲಿ ಇಳಿಯೋದರಲ್ಲಿ. ಆ ದುಡ್ಡಿನ ಸಣ್ಣ ಪಾಲಿನಲ್ಲಿ ಎರಡು ಜೋಡಿ ಸಿಂಟರ್ಡ್ ಪ್ಯಾಡ್ (ಲೋಹದ ಪುಡಿಯನ್ನು ಗಟ್ಟಿ ಮಾಡಿದ್ದು) ತಗೊಳ್ಳಿ. ತಗೊಳ್ಳುವ ಮೊದಲು ನಿಮ್ಮ ರೋಟರ್ ಮೇಲೆ ಏನು ಬರೆದಿದೆ ನೋಡಿ. ಕಡಿಮೆ ಬೆಲೆಯ ರೋಟರ್‌ಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಅಚ್ಚು ಹಾಕಿರುತ್ತಾರೆ. ಹಾಗಿದ್ದರೆ ರೋಟರ್ ಕೂಡ ಬದಲಾಯಿಸಬೇಕು, ಇಲ್ಲವೇ ರೆಸಿನ್ ಪ್ಯಾಡನ್ನೇ ಮೂರು ಜೋಡಿ ಒಯ್ಯಬೇಕು. ಹೊಸ ಪ್ಯಾಡ್ ಹಾಕಿದ ತಕ್ಷಣ ಇಳಿಜಾರಿಗೆ ಹೋಗಬೇಡಿ. ಸಮತಟ್ಟು ಜಾಗದಲ್ಲಿ ವೇಗ ತಗೊಂಡು, ಪೂರ್ತಿ ನಿಲ್ಲಿಸದೆ ನಿಧಾನ ಮಾಡಿ, ಮತ್ತೆ ವೇಗ. ಹೀಗೆ ಹದಿನೈದು ಇಪ್ಪತ್ತು ಸಲ ಮಾಡಿದ ಮೇಲೆ ಪ್ಯಾಡ್ ಹಿಡಿಯೋಕೆ ಶುರು ಮಾಡುತ್ತದೆ.

ಸೆಪ್ಟೆಂಬರ್ ಕೂಡ ಬೇಡ. ನೀವು ಹೋಗುವ ಸೀಮೆಯ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆ ನೀರು ಇಂಗೋದಕ್ಕೆ ನೆಲಕ್ಕೂ ಸಮಯ ಬೇಕು ಅಲ್ವಾ. ರಕ್ತ ಹೀರುವ ಉಂಬಳದ ಕಾಟ ಬೇರೆ. ಡಿಸೆಂಬರ್, ಜನವರಿ ಒಳ್ಳೆಯದು. ಮ್ಯಾಪಿನಲ್ಲಿ ಕಾಡಿನ ಕಾಲುದಾರಿ ಕಂಡಿತು ಅಂತ ನುಗ್ಗಬೇಡಿ. ಅಭಯಾರಣ್ಯ, ಮೀಸಲು ಅರಣ್ಯ ಇರುವ ಜಾಗ, ಅರಣ್ಯ ಇಲಾಖೆಯ ಅನುಮತಿ ಬೇಕು. ಊರಿಂದ ಊರಿಗೆ ಜನ ಓಡಾಡುವ ದಾರಿಗಳೇ ಬೇಕಾದಷ್ಟಿವೆ.

ಮುಂದಿನ ವರ್ಷ ಡಿಸೆಂಬರಿನಲ್ಲಿ ಅದೇ ಸೈಕಲ್ಲಿನಲ್ಲಿ ಅದೇ ದಾರಿ ಹೋದೆ, ನಾಲ್ಕು ದಿನ. ಪ್ರತಿ ಸಂಜೆ ಚಕ್ರ ಬಿಚ್ಚಿ ಪ್ಯಾಡ್ ನೋಡಿದೆ. ಆ ಇಳಿಜಾರಿನ ತುದಿಯಲ್ಲಿ ಇಳಿದು, ಸೈಕಲ್ ಹೆಗಲಿಗೆ ಹಾಕಿಕೊಂಡು ಸಂಕ ದಾಟಿ, ಟವೆಲ್ ವಾಪಸ್ ಕೊಟ್ಟು ಬಂದೆ. ಕವಲೇದುರ್ಗದಲ್ಲಿ ಸೈಕಲ್ ಕೆಳಗೆ ಒಂದು ಮನೆಯಲ್ಲಿ ಬಿಟ್ಟು, ಗದ್ದೆ ಅಂಚಿನಿಂದ ಕಲ್ಲು ಹಾಸಿನ ದಾರಿಯಲ್ಲಿ ನಡೆದೇ ಹತ್ತಿದೆ. ನೀವೂ ನಡೆದೇ ಹತ್ತಿ. ಆ ಹಾಸುಗಲ್ಲುಗಳ ಮೇಲೆ ಚಕ್ರ ಹತ್ತಿಸೋದು ನನಗೆ ಒಪ್ಪಿಗೆಯಿಲ್ಲ.

ನಿಮ್ಮ ಬ್ರೇಕಿನ ಮಾಡೆಲ್ ಇಲ್ಲಿ ಬರೆಯಿರಿ. ಯಾವ ಆಕಾರದ ಪ್ಯಾಡ್ ಕೂರುತ್ತದೆ ಅಂತ ಹೇಳುತ್ತೇನೆ. ಬೆಂಗಳೂರಿನಲ್ಲೇ ತಗೊಂಡು ಹೊರಡಿ, ಸಾಗರ ದಾಟಿದ ಮೇಲೆ ಹುಡುಕೋದು ಕಷ್ಟ.