ಎಲ್ಲ ನಿಯಮದ ಪ್ರಕಾರವೇ ನಡೆದರೆ ಕಳ್ಳನನ್ನು ಬೈಯೋದು ಯಾಕೆ?

ಪ್ರಶ್ನೆ: ನಾನು ದೇವರನ್ನು ನಂಬುವುದಿಲ್ಲ. ಇದೇ ವಿಷಯಕ್ಕೆ ನಮ್ಮ ಭಾವನ ಜೊತೆ ಆಗಾಗ ವಾದ ಆಗುತ್ತದೆ. 'ದೇವರಿಲ್ಲ, ಆತ್ಮವಿಲ್ಲ, ಇರೋದು ಪ್ರಕೃತಿಯ ನಿಯಮ ಮಾತ್ರ ಅಂತೀಯಲ್ಲ, ಹಾಗಾದ್ರೆ ಕಳ್ಳನನ್ನು ಯಾಕೆ ಬೈತೀಯ? ಅವನ ಮಿದುಳು ಮಾಡಿಸ್ತು, ಅವನೇನು ಮಾಡ್ತಾನೆ?' ಅಂತಾರೆ. ಏನು ಹೇಳಲಿ?
(ಓದುಗರು, ದಾವಣಗೆರೆ)

ಉತ್ತರ: ಒಳ್ಳೆಯ ಪ್ರಶ್ನೆಯೇ. ಆದರೆ ನಾಸ್ತಿಕರನ್ನು ಮಾತ್ರ ಕೇಳುವ ಪ್ರಶ್ನೆ ಅಲ್ಲ ಇದು. 'ಅವನ ಅಪ್ಪಣೆ ಇಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು' ಅನ್ನುವವರೂ ಕಳ್ಳ ಸಿಕ್ಕರೆ ಪೊಲೀಸರಿಗೆ ಕೊಡುತ್ತಾರೆ ಅಲ್ವಾ? ಮಧ್ವಾಚಾರ್ಯರು ಜೀವನೂ ಕರ್ತೃವೇ ಅಂತ ಒಪ್ಪುತ್ತಾರೆ, ಆದರೆ ಆ ಕರ್ತೃತ್ವವೂ ಹರಿಯ ಅಧೀನ. ಹಾಗಾಗಿ ಈ ಗಂಟು ನಿಮ್ಮ ಭಾವನವರ ಕೈಯಲ್ಲೂ ಇದೆ.

ನಮ್ಮ ನೆಲದಲ್ಲೇ ಇದರ ಬಗ್ಗೆ ಹಳೆಯ ಜಗಳವಿದೆ. ಮಹಾವೀರ, ಬುದ್ಧರ ಕಾಲದಲ್ಲಿ ಮಕ್ಖಲಿ ಗೋಸಾಲ ಅನ್ನುವ ಗುರು ಇದ್ದ. ಎಲ್ಲವೂ ನಿಯತಿ, ಮನುಷ್ಯನ ಪ್ರಯತ್ನದಿಂದ ಏನೂ ಆಗುವುದಿಲ್ಲ ಅನ್ನುವುದು ಅವನ ಆಜೀವಿಕ ಪಂಥದ ಮಾತು. ಜೈನ ಆಗಮವೊಂದರಲ್ಲಿ ಸದ್ದಾಲಪುತ್ತ ಅನ್ನುವ ಕುಂಬಾರ ಬರುತ್ತಾನೆ, ಅವನು ಆಜೀವಿಕರ ಕಡೆಯವನು. ಹಸಿ ಮಡಕೆಗಳನ್ನು ಬಿಸಿಲಿಗೆ ಇಡುತ್ತಿದ್ದಾಗ ಮಹಾವೀರ ಕೇಳುತ್ತಾನೆ, ಇವು ಪ್ರಯತ್ನದಿಂದ ಆದವೋ, ಪ್ರಯತ್ನ ಇಲ್ಲದೆಯೋ? ಪ್ರಯತ್ನ ಇಲ್ಲದೆಯೇ, ಎಲ್ಲವೂ ಮೊದಲೇ ನಿಗದಿ ಅನ್ನುತ್ತಾನೆ ಕುಂಬಾರ. ಹಾಗಾದರೆ ಯಾರಾದರೂ ಬಂದು ಈ ಮಡಕೆ ಕದ್ದರೆ, ಒಡೆದರೆ ಏನು ಮಾಡ್ತೀಯ? ಬೈತೀನಿ, ಹೊಡೀತೀನಿ ಅನ್ನುತ್ತಾನೆ. ಅಲ್ಲಿಗೆ ಸಿಕ್ಕಿಬಿದ್ದ.

ನಿಮ್ಮ ಭಾವ ಕೇಳುತ್ತಿರುವುದೂ ಅದನ್ನೇ, ನೋಡಿ. ಆದರೆ ನಿಯಮದ ಪ್ರಕಾರ ನಡೆಯುತ್ತದೆ ಅನ್ನುವುದು ಬೇರೆ, ನಾನು ಏನು ಮಾಡಿದರೂ ಅದೇ ಆಗುತ್ತದೆ ಅನ್ನುವುದು ಬೇರೆ. ಗೋಸಾಲ ಹೇಳಿದ್ದು ಎರಡನೆಯದು, ವಿಜ್ಞಾನ ಹೇಳುವುದು ಮೊದಲನೆಯದು. ಕುಂಬಾರ ಮಣ್ಣು ತುಳಿಯದಿದ್ದರೆ, ತಿಗರಿ ತಿರುಗಿಸದಿದ್ದರೆ ಮಡಕೆ ಆಗುವುದಿಲ್ಲ. ಅವನ ಯೋಚನೆ, ಅವನ ಕೈ, ಅವನ ಹಟ ಎಲ್ಲವೂ ಕಾರಣಗಳ ಸಾಲಿನಲ್ಲೇ ಇವೆ. ಕಳ್ಳನ ವಿಷಯವೂ ಹಾಗೇ. ಬೈಗುಳ, ನಾಚಿಕೆ, ಶಿಕ್ಷೆಯ ಭಯ ಇವೂ ಅವನ ಮಿದುಳಿನ ಮೇಲೆ ಕೆಲಸ ಮಾಡುತ್ತವೆ.

ಕಾನೂನು ಕೂಡ ಪರಮಾಣುಗಳ ಲೆಕ್ಕ ಕೇಳುವುದಿಲ್ಲ. ಹಳೆಯ ದಂಡ ಸಂಹಿತೆಯ 84ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ನೋಡುವುದು ಇಷ್ಟೇ: ಬುದ್ಧಿ ಸ್ಥಿಮಿತದಲ್ಲಿಲ್ಲದ ಕಾರಣ ತಾನೇನು ಮಾಡ್ತಿದ್ದೀನಿ, ಅಥವಾ ಅದು ತಪ್ಪು ಅನ್ನುವುದು ಅವನಿಗೆ ತಿಳಿಯದ ಸ್ಥಿತಿ ಇತ್ತಾ? ಇಲ್ಲ ಅಂದರೆ ಅವನೇ ಹೊಣೆ. ಇಲ್ಲಿ ಆತ್ಮದ ಅಗತ್ಯ ಎಲ್ಲಿ ಬಂತು?

ಒಂದು ಮಾತ್ರ ನಾನು ಬಿಡಲು ಸಿದ್ಧ. ಸೇಡಿಗಾಗಿ ಕೊಡುವ ಶಿಕ್ಷೆ. ಕಾರಣಗಳನ್ನು ನೋಡುತ್ತಾ ಹೋದರೆ ಅದಕ್ಕೆ ಜಾಗವೇ ಉಳಿಯುವುದಿಲ್ಲ, ಉಳಿಯಲೂ ಬಾರದು. ಅದಕ್ಕಿಂತ ಜಾಸ್ತಿ ಸಿಟ್ಟು ಬರುವುದು, ಹುಟ್ಟಿನಿಂದಲೇ ಬಡತನ, ಅವಮಾನ ಅನುಭವಿಸಿದವರಿಗೆ 'ಹಿಂದಿನ ಜನ್ಮದ ಕರ್ಮ' ಅಂತ ಹೇಳಿ ಸುಮ್ಮನಾಗಿಸುವುದನ್ನು ಕಂಡಾಗ. ಆಯ್ಕೆ ಮಾಡಲು ಅವಕಾಶವನ್ನೇ ಕೊಡದೆ ಹೊಣೆ ಹೊರಿಸುವುದು ಅಂದರೆ ಇದೇ.

ಪ್ರಶ್ನೆ: ನಾವು ತೀರ್ಮಾನಿಸುವ ಮೊದಲೇ ಮಿದುಳು ತೀರ್ಮಾನಿಸಿರುತ್ತದೆ ಅಂತ ಪ್ರಯೋಗದಲ್ಲಿ ಸಾಬೀತಾಗಿದೆಯಂತೆ, ನಿಜವೇ?
(ಓದುಗರು, ಮೈಸೂರು)

ಉತ್ತರ: ಅಷ್ಟು ಸಲೀಸಲ್ಲ. 1983ರಲ್ಲಿ ಪ್ರಕಟವಾದ ಬೆಂಜಮಿನ್ ಲಿಬೆಟ್ ಅನ್ನುವ ಮಿದುಳು ವಿಜ್ಞಾನಿಯ ಪ್ರಯೋಗ ಅದು. ತಲೆಗೆ ಎಲೆಕ್ಟ್ರೋಡ್ ಅಂಟಿಸಿಕೊಂಡು, ಗಡಿಯಾರದಂತೆ ಸುತ್ತುವ ಬೆಳಕಿನ ಚುಕ್ಕಿ ನೋಡುತ್ತಾ, ಮನಸ್ಸು ಬಂದಾಗ ಮಣಿಕಟ್ಟು ಆಡಿಸಬೇಕು. ಮನಸ್ಸು ಬಂದಾಗ ಚುಕ್ಕಿ ಎಲ್ಲಿತ್ತು ಅಂತ ಹೇಳಬೇಕು. ಕೈ ಆಡುವ ಸುಮಾರು 550 ಮಿಲಿಸೆಕೆಂಡ್ ಮೊದಲೇ ಮಿದುಳಿನಲ್ಲಿ ವಿದ್ಯುತ್ ಚಟುವಟಿಕೆ ಏರಲು ಶುರುವಾಗಿತ್ತು, 'ಆಡಿಸಬೇಕು' ಅನ್ನಿಸಿದ್ದು ಸುಮಾರು 200 ಮಿಲಿಸೆಕೆಂಡ್ ಮೊದಲು. ಆದರೆ ಆ ಏರಿಕೆ ತೀರ್ಮಾನವೇ ಅಲ್ಲ, ಮಿದುಳಿನಲ್ಲಿ ಸದಾ ಇರುವ ಏರಿಳಿತ ಇರಬಹುದು ಅಂತ 2012ರಲ್ಲಿ ಆರನ್ ಶರ್ಗರ್ ಮತ್ತು ಜೊತೆಗಾರರು ತೋರಿಸಿದರು. ಅಲ್ಲದೆ ಸುಮ್ನೆ ಮಣಿಕಟ್ಟು ಆಡಿಸುವುದಕ್ಕೂ, ಸಾಲ ಮಾಡಿ ಮನೆ ಕಟ್ಟಲೋ ಬೇಡವೋ ಅಂತ ತಿಂಗಳುಗಟ್ಟಲೆ ಲೆಕ್ಕ ಹಾಕುವುದಕ್ಕೂ ಬಹಳ ವ್ಯತ್ಯಾಸವಿದೆ.

ಪ್ರಶ್ನೆ: ಕ್ವಾಂಟಮ್ ಅನಿಶ್ಚಿತತೆ ನಮಗೆ ಸ್ವಾತಂತ್ರ್ಯ ಕೊಡುವುದಿಲ್ಲವೇ?
(ಓದುಗರು, ಶಿರಸಿ)

ಉತ್ತರ: ಇಲ್ಲ. ಹೈಸನ್‌ಬರ್ಗ್ ಅನ್ನುವ ಭೌತವಿಜ್ಞಾನಿ 1927ರಲ್ಲಿ ಹೇಳಿದ್ದು ಕಣಗಳ ಬಗ್ಗೆ: ಅವುಗಳ ಜಾಗ, ವೇಗ ಎರಡನ್ನೂ ಒಟ್ಟಿಗೆ ನಿಖರವಾಗಿ ಹೇಳಲು ಆಗದು ಅಂತ. ಅದರಿಂದ ಮಿದುಳಿನಲ್ಲೂ ಏನೋ ಆಕಸ್ಮಿಕವಾಗಿ ಆಗುತ್ತದೆ ಅಂತಲೇ ಇಟ್ಟುಕೊಳ್ಳಿ, ಆಕಸ್ಮಿಕ ಅಂದರೆ ಸ್ವಾತಂತ್ರ್ಯ ಅಲ್ಲ. ಕಾರಣವೇ ಇಲ್ಲದೆ ನನ್ನ ಕೈ ಎದ್ದು ಯಾರಿಗಾದರೂ ಹೊಡೆದರೆ ಅದನ್ನು ನನ್ನ ತೀರ್ಮಾನ ಅನ್ನೋದು ಹೇಗೆ?