ಪಟ್ಟಿಯಲ್ಲಿಲ್ಲದ ಕಂಚು

ಸಾರ್, ನಮಸ್ಕಾರ.

ನಿಮ್ಮ ಪತ್ರ ಸ್ವಲ್ಪ ಖಾರವಾಗಿಯೇ ಇತ್ತು. ‘ಸ್ವೀಡನ್ನಿನ ಕ್ರಿಸ್ಟಿಯಾನ್ ಹೆಲ್‌ಸ್ಟ್ರೋಮ್ 1500 ಮೀಟರ್ ಓಟದಲ್ಲಿ ಕಂಚು ಗೆದ್ದವರು ಅಂತ ಬರೆದಿದ್ದೀರಿ. ಒಲಿಂಪಿಕ್ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದ ಎಡ್‌ಸ್ಟ್ರೋಮ್ ಬಗ್ಗೆ ಬರೆಯಲು ಹೋಗಿ ಎಡವಿದ್ದೀರಿ’ ಎಂಬುದು ನಿಮ್ಮ ದೂರು.

ಹೆಸರಿನಲ್ಲಿ ಎಡವಿಲ್ಲ. ಇಸವಿ ಹಾಕದೇ ಹೋದದ್ದು ಮಾತ್ರ ನಮ್ಮ ತಪ್ಪು.

ಆ ಕಂಚು 1906ರದು, ಅಥೆನ್ಸ್‌ನಲ್ಲಿ ಬಂದದ್ದು. ಮೊದಲ ಸ್ಥಾನ ಅಮೆರಿಕದ ಲೈಟ್‌ಬಾಡಿ ಅವರಿಗೆ, ಎರಡನೆಯದು ಬ್ರಿಟನ್ನಿನ ಮೆಕ್‌ಗೌ ಅವರಿಗೆ, ಮೂರನೆಯದು ಹೆಲ್‌ಸ್ಟ್ರೋಮ್‌ಗೆ. ಗೆದ್ದ ಸಮಯ 4 ನಿಮಿಷ 12 ಸೆಕೆಂಡ್. ಇದೇ ಲೈಟ್‌ಬಾಡಿ ಎರಡು ವರ್ಷದ ಹಿಂದೆ 4 ನಿಮಿಷ 5.4 ಸೆಕೆಂಡಿನಲ್ಲಿ ಓಡಿದ್ದರು! ಅಥೆನ್ಸ್‌ನ ಅಮೃತಶಿಲೆಯ ಕ್ರೀಡಾಂಗಣ ಉದ್ದಕ್ಕೆ, ಇಕ್ಕಟ್ಟಾಗಿದೆ. ಎರಡೂ ತುದಿಯಲ್ಲಿ ಕಡಿದಾದ ತಿರುವು. ವೇಗ ಹಿಡಿಯುವಷ್ಟರಲ್ಲಿ ತಿರುಗಬೇಕು. ಆಗ ಆ ಕೂಟವನ್ನು ಒಲಿಂಪಿಕ್ಸ್ ಅಂತಲೇ ಕರೆದರು. ನಾಲ್ಕು ವರ್ಷದ ಸರದಿಗೆ ಸೇರದ ಕೂಟ ಅಂತ ಆಮೇಲೆ ಲೆಕ್ಕದಿಂದ ಬಿಟ್ಟರು. ನಿಮ್ಮ ಪಟ್ಟಿಯಲ್ಲಿ ಹೆಸರಿಲ್ಲದಿರುವುದಕ್ಕೆ ಇಷ್ಟೇ ಕಾರಣ. ಹೆಲ್‌ಸ್ಟ್ರೋಮ್ 1908ರಲ್ಲಿ ಲಂಡನ್ನಿನಲ್ಲೂ ಓಡಿದರು, ಪದಕ ಬರಲಿಲ್ಲ.

ಇನ್ನು ಎಡ್‌ಸ್ಟ್ರೋಮ್. ಅವರೂ ಓಟಗಾರರೇ, ಆದರೆ 100 ಮೀಟರಿನವರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಸಂಘಟನಾ ಸಮಿತಿಯಲ್ಲಿ ಇಬ್ಬರೂ ಇದ್ದರು. ಅಧ್ಯಕ್ಷರು ವಿಕ್ಟರ್ ಬಾಲ್ಕ್, ಉಪಾಧ್ಯಕ್ಷರು ಎಡ್‌ಸ್ಟ್ರೋಮ್, ಕಾರ್ಯದರ್ಶಿ ಹೆಲ್‌ಸ್ಟ್ರೋಮ್. ಮುಂದೆ ಎಡ್‌ಸ್ಟ್ರೋಮ್ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾದರು, ಹೆಸರು ಉಳಿಯಿತು. ಕಾರ್ಯದರ್ಶಿಯ ಹೆಸರು ಯಾರಿಗೆ ನೆನಪಿರುತ್ತದೆ? ಊರಿನ ಸಂಘಗಳಲ್ಲೇ ನೋಡಿ, ಹಾರ ಅಧ್ಯಕ್ಷರಿಗೆ, ಪತ್ರ ಬರೆಯುವ ಕೆಲಸ ಕಾರ್ಯದರ್ಶಿಗೆ.

ಸ್ಟಾಕ್‌ಹೋಮ್‌ನ ಕೆಲಸವೂ ಸಣ್ಣದಲ್ಲ. 28 ದೇಶ, ಸುಮಾರು 2,400 ಸ್ಪರ್ಧಿಗಳು. ಕಂಪ್ಯೂಟರ್ ಬಿಡಿ, ವಿಮಾನದಲ್ಲಿ ಬರುವವರೂ ಇಲ್ಲದ ಕಾಲ. ಅಮೆರಿಕದವರು ಹಡಗಿನಲ್ಲಿ ಬಂದು, ಆ ಹಡಗಿನಲ್ಲೇ ಉಳಿದುಕೊಂಡಿದ್ದರು.

ನನಗೆ ಜಾಸ್ತಿ ಇಷ್ಟವಾದದ್ದು ಆ ಕೂಟದ 1500 ಮೀಟರ್, ಅಂದರೆ ಹೆಲ್‌ಸ್ಟ್ರೋಮ್ ಅವರದೇ ಓಟ. ಫೈನಲ್‌ನಲ್ಲಿ 14 ಜನ, ಅವರಲ್ಲಿ 7 ಮಂದಿ ಅಮೆರಿಕದವರು. ಕೊನೆಗೆ ಚಿನ್ನ ಹೊಡೆದದ್ದು ಇಂಗ್ಲೆಂಡಿನ ಜಾಕ್ಸನ್, 3 ನಿಮಿಷ 56.8 ಸೆಕೆಂಡಿನಲ್ಲಿ. ಹಿಂದೆಯೇ ಕಿವಿಯಟ್, ಟೇಬರ್ ಇಬ್ಬರೂ 3 ನಿಮಿಷ 56.9ರಲ್ಲಿ ಬಂದರು. ಬೆಳ್ಳಿ ಯಾರಿಗೆ? ಫೋಟೋ ನೋಡಿ ಕಿವಿಯಟ್ ಅಂತ ತೀರ್ಮಾನಿಸಿದರು. ಆರು ವರ್ಷದ ಹಿಂದೆ ಇದೇ ಓಟದಲ್ಲಿ ಮೂರನೆಯವರಾಗಿದ್ದ ಮನುಷ್ಯ ಈ ಸಲ ಅದನ್ನು ನಡೆಸುವವರ ಸಾಲಿನಲ್ಲಿದ್ದರು.

ಮುಂದಿನ ಸಂಚಿಕೆಯಲ್ಲಿ ‘1906, ಅಥೆನ್ಸ್’ ಅಂತ ಸೇರಿಸಿ ತಿದ್ದುಪಡಿ ಹಾಕುತ್ತೇವೆ.

– ಸಂ.