ಸೂರ್ಯ ಮುಳುಗಿ 8 ನಿಮಿಷ ಆಗಿರುತ್ತಾ?

ಪ್ರಶ್ನೆ: ಸೂರ್ಯನ ಬೆಳಕು ನಮ್ಮನ್ನು ತಲುಪಲು 8 ನಿಮಿಷ ಬೇಕಂತೆ. ಹಾಗಾದರೆ ಆಗುಂಬೆಯಲ್ಲಿ ನಿಂತು ನಾವು ಸೂರ್ಯಾಸ್ತ ನೋಡುವ ಹೊತ್ತಿಗೆ ಸೂರ್ಯ ಮುಳುಗಿ ಆಗಲೇ 8 ನಿಮಿಷ ಆಗಿರುತ್ತಾ? ವಾಟ್ಸಾಪ್‌ನಲ್ಲಿ ಹಾಗಂತ ಮೆಸೇಜ್ ಬಂದಿತ್ತು.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೆಸೇಜಿನಲ್ಲಿ ಅರ್ಧ ಸರಿ ಇದೆ, ಅರ್ಧ ತಪ್ಪು.

ಮೊದಲು ಸರಿ ಇರುವುದು. ಸೂರ್ಯ ಸರಾಸರಿ 14.96 ಕೋಟಿ ಕಿ.ಮೀ. ದೂರದಲ್ಲಿದ್ದಾನೆ. ಬೆಳಕು ಸೆಕೆಂಡಿಗೆ ಹತ್ತಿರಹತ್ತಿರ 3 ಲಕ್ಷ ಕಿ.ಮೀ. ಓಡುತ್ತದೆ. ಭಾಗಿಸಿ ನೋಡಿ, ಸುಮಾರು 499 ಸೆಕೆಂಡ್, ಅಂದರೆ 8 ನಿಮಿಷ 19 ಸೆಕೆಂಡ್ ಬರುತ್ತದೆ. ಜನವರಿ ಶುರುವಿನಲ್ಲಿ ನಾವು ಸೂರ್ಯನಿಗೆ ತುಸು ಹತ್ತಿರ ಇರುತ್ತೇವೆ, ಆಗ 8 ನಿಮಿಷ 11 ಸೆಕೆಂಡ್ ಸಾಕು. ಜುಲೈ ಶುರುವಿನಲ್ಲಿ 8 ನಿಮಿಷ 27 ಸೆಕೆಂಡ್. (ದೂರ ಇರೋದಕ್ಕೇ ಜುಲೈ ತಂಪು ಅಂದುಕೊಳ್ಳಬೇಡಿ, ಅದು ಮಳೆ ಮೋಡದ ಕೆಲಸ.)

ಇನ್ನು ಸೂರ್ಯಾಸ್ತ. ಮುಳುಗುವುದು ಸೂರ್ಯ ಅಲ್ಲ, ತಿರುಗುತ್ತಿರುವುದು ನಾವು, ಅಲ್ವಾ? ತಿರುಗುವ ಕುರ್ಚಿಯಲ್ಲಿ ಕೂತು ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಮೆಲ್ಲಗೆ ಪಕ್ಕಕ್ಕೆ ತಿರುಗಿ. ಕ್ಯಾಲೆಂಡರ್ ಕಣ್ಣಂಚಿಗೆ ಸರಿದು ಮರೆಯಾಗುತ್ತದೆ. ಅದು ಮೊಳೆಯಿಂದ ಅಲ್ಲಾಡಿಯೇ ಇಲ್ಲ. ಹಾಗೇ, ಸೂರ್ಯನ ಬೆಳಕು ದಾರಿಯುದ್ದಕ್ಕೂ ತುಂಬಿಕೊಂಡು ಹರಿಯುತ್ತಲೇ ಇದೆ, ಭೂಮಿ ತಿರುಗಿ ನಾವು ನಿಂತ ಜಾಗ ನೆರಳಿನ ಕಡೆಗೆ ಸರಿದ ಕ್ಷಣವೇ ನಮ್ಮ ಪಾಲಿಗೆ ಅದು ನಿಲ್ಲುತ್ತದೆ, ಅದಕ್ಕೆ 8 ನಿಮಿಷ ಕಾಯುವ ಪ್ರಶ್ನೆಯೇ ಇಲ್ಲ. ಸೂರ್ಯ ಕಾಣುವ ದಿಕ್ಕಿನಲ್ಲೇ ಇದ್ದಾನೆ. ಹಳೆಯದು ಅವನ ಮುಖ ಮಾತ್ರ.

ಆದರೂ ಸೂರ್ಯಾಸ್ತದಲ್ಲಿ ಒಂದು ಮೋಸ ಇದೆ. ಅದು ಗಾಳಿಯದ್ದು. ದಿಗಂತದ ಹತ್ತಿರ ಬೆಳಕು ವಾತಾವರಣದಲ್ಲಿ ಬಾಗಿ ಬರುವುದರಿಂದ ಸೂರ್ಯ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಮೇಲೆ ಕಾಣುತ್ತಾನೆ. ಅವನ ಬಿಂಬದ ಅಗಲವೂ ಸುಮಾರು ಅಷ್ಟೇ. ಹಾಗಾಗಿ ನಮ್ಮ ಕಡೆ ಸಂಜೆಗೆ ಎರಡು ನಿಮಿಷ ಮತ್ತು ಒಂದಿಷ್ಟು ಸೆಕೆಂಡು ಪುಕ್ಕಟೆ ಸಿಗುತ್ತದೆ. 8 ನಿಮಿಷ ಅಲ್ಲ.

8 ನಿಮಿಷ ನಿಜಕ್ಕೂ ಲೆಕ್ಕಕ್ಕೆ ಬರುವುದು ಸೂರ್ಯನ ಮೇಲೆ ಏನಾದರೂ ಹೊಸದಾಗಿ ನಡೆದಾಗ. ಒಂದು ಸೌರಜ್ವಾಲೆ ಸಿಡಿಯಿತು ಅನ್ನಿ. 2023ರ ಸೆಪ್ಟೆಂಬರ್ 2ರಂದು ಇಸ್ರೋ ಹಾರಿಸಿದ ಆದಿತ್ಯ ಎಲ್1 ನೌಕೆ ನಮಗಿಂತ 15 ಲಕ್ಷ ಕಿ.ಮೀ. ಮುಂದೆ, ಸೂರ್ಯನ ಕಡೆಗೆ ಇದೆ. ಆ ಜ್ವಾಲೆಯ ಬೆಳಕು ಅದಕ್ಕೆ ಕಾಣುವುದು ನಮಗಿಂತ ಬರೀ 5 ಸೆಕೆಂಡ್ ಮೊದಲು. ಅದು ತಕ್ಷಣ ರೇಡಿಯೋ ಸಂದೇಶ ಕಳಿಸಿದರೂ ರೇಡಿಯೋ ಅಲೆಯ ವೇಗವೂ ಬೆಳಕಿನದ್ದೇ, ಎರಡೂ ಒಟ್ಟಿಗೇ ಬಂದು ಬೀಳುತ್ತವೆ. ಹಾಗಾದರೆ ಅಷ್ಟು ದೂರ ಹೋಗಿ ಏನು ಪ್ರಯೋಜನ ಅಂತ ಕೇಳಬಹುದು. ಸೂರ್ಯ ಉಗುಳುವ ಕಣಗಳ ಮೋಡ ಬೆಳಕಿನಷ್ಟು ಚುರುಕಲ್ಲ, ಇಲ್ಲಿಗೆ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ತೆಗೆದುಕೊಳ್ಳುತ್ತದೆ. ಅದು ಆ ನೌಕೆ ಇರುವ ಜಾಗ ದಾಟಿ ನಮ್ಮ ಉಪಗ್ರಹಗಳಿಗೆ ಬಡಿಯುವ ಮೊದಲು ಅರ್ಧ ಗಂಟೆಯೋ ಒಂದು ಗಂಟೆಯೋ ಕೈಯಲ್ಲಿ ಉಳಿಯುತ್ತದೆ.